ಮೀನು ತಿನ್ನದ ಮೀನಿನವಳು

ಕಾಪು
8 ಅಕ್ಟೋಬರ್ 2023

ಲಕ್ಷಿತ್,

ಅಮ್ಮ ಇದ್ದಕ್ಕಿದ್ದ ಹಾಗೆ ಪತ್ರ ಬರೆದಿದ್ದಾಳೆ, ಯಾರಾದರೂ ಸತ್ತರೋ ಎಂದು ಹೆದರಬೇಡ. ಎಲ್ಲರೂ ಇದ್ದಾರೆ. ಮಣಿಪಾಲದ ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಹೇಳಿಕೊಡುವ ಹುಡುಗಿ, "ಅಮ್ಮಾ, ದಿನಾ ಒಂದು ಪುಟ ಬರೀರಿ, ಬೆರಳು ಮಡಚಿ ಬಿಡಿಸಿ ಆಗ್ತದೆ" ಎಂದಳು. ಎಂತ ಬರೆಯುದು ಎಂದು ಕೇಳಿದೆ. "ಎಂತ ಬೇಕಾದ್ರೂ. ರಾಮ ರಾಮ ಅಂತ ಬರೀರಿ" ಎಂದಳು. ರಾಮನಿಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಿನಗೆ ಬರೆಯುವವರು ಯಾರೂ ಇಲ್ಲ.

ಫೋನಿನಲ್ಲಿ ನಾವಿಬ್ಬರು ಮಾತಾಡಿದರೆ ಎರಡು ನಿಮಿಷಕ್ಕೆ ಜಗಳ. ತುಳುವಿನಲ್ಲಿ ಬೈಗುಳ ತಾನಾಗಿಯೇ ಬಾಯಿಗೆ ಬರುತ್ತದೆ. ಕನ್ನಡದಲ್ಲಿ ಬೈಯಬೇಕಾದರೆ ಏಳನೇ ಕ್ಲಾಸಿನಲ್ಲಿ ಕಲಿತದ್ದನ್ನೆಲ್ಲ ನೆನಪು ಮಾಡಬೇಕು. ಅಷ್ಟು ಹೊತ್ತಿಗೆ ಸಿಟ್ಟು ಇಳಿದಿರುತ್ತದೆ.

ಕೈಯ ವಿಷಯ. ಇದು ಬರೀ ಗಂಟುನೋವು ಅಲ್ಲವಂತೆ. ಮೈಯ ಒಳಗಿನ ಕಾವಲಿನವನೇ ತಲೆ ಕೆಟ್ಟು ನಮ್ಮ ಗಂಟಿಗೆ ಹೊಡೆಯುತ್ತಾನಂತೆ, ಅದಕ್ಕೆ ಊದುವುದು. ಉರಿಯೂತ ಎಂದು ಡಾಕ್ಟರು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟರು. ವಾರಕ್ಕೊಮ್ಮೆ ಒಂದು ಮಾತ್ರೆ. ಬೆಳಿಗ್ಗೆ ಎದ್ದಾಗ ಬೆರಳು ಮರದ ಹಾಗೆ, ಒಂಬತ್ತು ಗಂಟೆಯವರೆಗೆ ಮಡಚುವುದಿಲ್ಲ. ಮೀನು ನನ್ನ ಬೆರಳಿಗಾಗಿ ಒಂಬತ್ತರವರೆಗೆ ಕಾಯುತ್ತದಾ? ಗಿರಾಕಿಗಳಿಗೆ ಮೀನು ಕತ್ತರಿಸಿ ಕೊಡಲು ಆಗದಿದ್ದರೆ ಮಾರ್ಕೆಟಿನಲ್ಲಿ ಇಪ್ಪತ್ತಾರು ವರ್ಷದಿಂದ ಕೂತ ಜಾಗ ಬಿಡಬೇಕಾಗುತ್ತದೆ. ಈಗ ಪಕ್ಕದ ಕುಶಲಕ್ಕ ನನ್ನದನ್ನೂ ಕತ್ತರಿಸಿ ಕೊಡುತ್ತಾಳೆ. ಎಷ್ಟು ದಿನ ಕೊಟ್ಟಾಳು?

ಊಟದ ಬಗ್ಗೆ ಹೇಳಲಿಕ್ಕೆ ಇನ್ನೊಬ್ಬರು ಇದ್ದಾರೆ, ಭವ್ಯಶ್ರೀ ಮೇಡಂ. "ಮೀನು ವಾರಕ್ಕೆ ಎಷ್ಟು ಸಲ ತಿನ್ತೀರಿ?" ಎಂದು ಕೇಳಿದರು. ತಿನ್ನುವುದಿಲ್ಲ ಎಂದೆ. "ಕೆಲಸ ಎಂತ?" ಎಂದರು. ಮೀನು ಮಾರುವುದು ಎಂದೆ. ಹಿಂದೆ ಕೂತವರೆಲ್ಲ ನಕ್ಕರು. ಬಾಯಿಗೆ ರುಚಿ ಹೋಗಿದೆ ಎಂದು ಹೇಳಿ ಎದ್ದುಬಂದೆ.

ಅಲ್ಲಿ ಕೆಲಸ ಉಂಟಲ್ಲ? ಬಿಟ್ಟಿಲ್ಲವಲ್ಲ?

ನಿನ್ನ ಅಮ್ಮ,
ಪುಷ್ಪಾವತಿ


ನಿಟ್ಟೆ
17 ಅಕ್ಟೋಬರ್ 2023

ಅಮ್ಮಾ,

ಪತ್ರ ಸಿಕ್ಕಿತು. ಪೋಸ್ಟ್‌ಮ್ಯಾನ್ ನನ್ನ ಹೆಸರು ಕರೆದಾಗ ಪೊಲೀಸ್ ನೋಟಿಸು ಎಂದುಕೊಂಡೆ. ಹತ್ತನೇ ಕ್ಲಾಸ್ ಪರೀಕ್ಷೆಯಲ್ಲಿ ತಂದೆಗೆ ಪತ್ರ ಬರೆದು ಐದರಲ್ಲಿ ಮೂರು ಮಾರ್ಕು ತಗೊಂಡವನು ನಾನು. ಆಮೇಲೆ ಇದೇ ಮೊದಲು.

ಕೆಲಸ ಉಂಟು. ಆಗಸ್ಟ್ ಒಂದರಿಂದ ಲೆಕ್ಕ ಹಾಕಿದರೆ ಎರಡೂವರೆ ತಿಂಗಳಾಯಿತು. ಕಾಲೇಜಿನ ಗೇಟಿನ ಎದುರು ಉಮಾನಾಥಣ್ಣನ ಅಂಗಡಿ. ಒಳಗೆ ಊಟದ ಅಡುಗೆ ಮಾಡುವುದು ಡೊಮಿನಿಕ್ ಅಂಕಲ್, ಅರವತ್ತು ದಾಟಿದ ಅಡುಗೆಯವರು, ನನ್ನ ರೂಮಿನಲ್ಲೇ ಇರುವುದು. ಹೊರಗಿನ ಬಾಣಲೆ ನನ್ನದು. ಸಂಜೆ ನಾಲ್ಕರಿಂದ ಹತ್ತರವರೆಗೆ ಕಬಾಬ್, ಗೋಬಿ, ಎಗ್ ಬೋಂಡಾ. ಹಾಸ್ಟೆಲಿನ ಮಕ್ಕಳು ಮಳೆ ಬಂದರೂ ಕೊಡೆ ಹಿಡಿದು ಸಾಲು ನಿಲ್ಲುತ್ತಾರೆ. ನಾನು ಒಂದೇ ಕಡೆ ನಿಂತು ಕರಿಯುವುದು. ಅದೇ ಕಷ್ಟ. ಕಾಲು ಸುಮ್ಮನೆ ಇರುವುದಿಲ್ಲ.

ನನಗೆ ಗೊತ್ತು, ನೀನು ಹೇಳುವುದು ಇದನ್ನೇ. ಅಪ್ಪನ ಬೋಟು ಎಂಟು ತಿಂಗಳು. ಉಡುಪಿಯ ಮೊಬೈಲ್ ಅಂಗಡಿ ಐದು. ಮಣಿಪಾಲದಲ್ಲಿ ಪಾರ್ಸೆಲ್ ಕೊಡುವುದು ಏಳು. ಕಾರ್ಕಳದ ಕಲ್ಲಿನ ಕೆಲಸ ನಾಲ್ಕು, ಧೂಳು ಕುಡಿದು ಕೆಮ್ಮು ಬಂತು. ಮಧ್ಯೆ ಒಂದೆರಡು ಮರೆತುಹೋಗಿದೆ. ಈಗ ಕಾರ್ಕಳದ ದೋಸ್ತಿ ಉಜ್ವಲ್ ಕರೆಯುತ್ತಿದ್ದಾನೆ, ಸಾಮಾನು ಸಾಗಿಸುವ ಪಿಕಪ್ ಓಡಿಸಲಿಕ್ಕೆ ಬಾ ಎಂದು. ನೋಡುವ.

ರುಚಿ ಹೋಗುವುದು ಎಂದರೆ ಎಂತ ಅಮ್ಮಾ? ಬಂಗುಡೆಯ ತಲೆಗಾಗಿ ನನ್ನ ಹತ್ತಿರ ಜಗಳ ಮಾಡುತ್ತಿದ್ದವಳು ನೀನು. ನಾನು ಊರಿಗೆ ಬಂದಾಗಲೆಲ್ಲ ನಿನ್ನ ಬಟ್ಟಲಲ್ಲಿ ಬರೀ ಸಾರು, ಉಪ್ಪಿನಕಾಯಿ. ಕೇಳಿದರೆ, "ದಿನಾ ಇಡೀ ಅದೇ ವಾಸನೆ ಮಾರಾಯ" ಎನ್ನುತ್ತಿದ್ದೆ. ಮೇಡಂ ಕೇಳಿದ್ದು ತಿನ್ನಬೇಕು ಎಂದೇ. ಮೂಗು ಮುಚ್ಚಿ ತಿನ್ನು.

ಲಕ್ಷಿತ್


ಕಾಪು
19 ನವೆಂಬರ್ 2023

ಲಕ್ಷಿತ್,

ಈ ಸಲ ಸಣ್ಣ ಪತ್ರ. ಬಲಗೈಯ ಎರಡು ಬೆರಳು ಊದಿವೆ. ಮೊನ್ನೆ ಕತ್ತಿ ಕೈಯಿಂದ ಜಾರಿ ಗಿರಾಕಿಯ ಕಾಲಿನ ಹತ್ತಿರ ಬಿತ್ತು. ಅವರು ಮರುದಿನ ಬೇರೆಯವರ ಹತ್ತಿರ ಮೀನು ತಗೊಂಡರು.

ಭವ್ಯಶ್ರೀ ಮೇಡಂ ಹೇಳಿದ್ದನ್ನು ಬರೆಯುತ್ತೇನೆ, ನನಗೂ ನೆನಪಿರುತ್ತದೆ. ಎಣ್ಣೆ, ಕೊಬ್ಬು ಎಂದರೆ ಎಲ್ಲ ಒಂದೇ ಅಲ್ಲವಂತೆ. ನಮ್ಮ ಮೈ ತಾನಾಗಿ ಮಾಡಿಕೊಳ್ಳಲಾಗದ, ಊಟದಿಂದಲೇ ಬರಬೇಕಾದ ಎರಡು ಜಾತಿ ಉಂಟಂತೆ. ಒಂದು ಪ್ಯಾಕೆಟಿನ ಸೂರ್ಯಕಾಂತಿ ಎಣ್ಣೆಯಂಥದ್ದರಲ್ಲಿ ಬೇಕಾದಷ್ಟು. ಇನ್ನೊಂದು ಬೂತಾಯಿ, ಬಂಗುಡೆಯಂಥ ಮೀನಿನಲ್ಲಿ. ಊತ ಏಳಿಸುವುದಕ್ಕೂ ಇಳಿಸುವುದಕ್ಕೂ ಮೈ ಇವುಗಳಿಂದಲೇ ಸಾಮಾನು ಮಾಡಿಕೊಳ್ಳುತ್ತದೆ, ಇಳಿಸುವ ಸಾಮಾನು ಹೆಚ್ಚು ಬರುವುದು ಮೀನಿನದ್ದರಿಂದ. "ಎರಡೂ ಬೇಕಮ್ಮ. ಒಂದು ವಿಷ, ಒಂದು ಅಮೃತ ಅಂತ ಇಲ್ಲ. ನಿಮ್ಮ ಊಟದಲ್ಲಿ ಒಂದೇ ಉಂಟು, ಇನ್ನೊಂದು ಇಲ್ಲವೇ ಇಲ್ಲ" ಎಂದರು. ದೋಣಿಯಲ್ಲಿ ಎಲ್ಲರೂ ಒಂದೇ ಬದಿಗೆ ಕೂತ ಹಾಗೆ ಅಲ್ವಾ ಎಂದೆ. "ಹಾಗೇ" ಎಂದು ನಕ್ಕರು.

ಮಾತ್ರೆ ಬಿಡಬಾರದು ಎಂದು ಮೂರು ಸಲ ಹೇಳಿದರು. ಮೀನು ಮಾತ್ರೆಯ ಬದಲಿಗೆ ಅಲ್ಲ, ಅದರ ಜೊತೆಗೆ. ಬೆಳಗಿನ ಮರಗಟ್ಟುವಿಕೆ ಸ್ವಲ್ಪ ಇಳಿಯಬಹುದು, ಇಳಿಯದೆಯೂ ಇರಬಹುದು, ಮೂರು ತಿಂಗಳು ನೋಡಬೇಕು ಎಂದರು.

ಪಿಕಪ್ ಬೇಡ. ಅಲ್ಲಿಯೇ ಇರು.

ಅಮ್ಮ


ನಿಟ್ಟೆ
10 ಡಿಸೆಂಬರ್ 2023

ಅಮ್ಮಾ,

ಮೇಡಂ ಅಷ್ಟು ಹೇಳಿಯೂ ನೀನು ಮೀನು ತಿಂದೆ ಎಂದು ಎಲ್ಲಿಯೂ ಬರೆದಿಲ್ಲ.

ನಾನು ಇಲ್ಲಿ ಸಾಲಿನಲ್ಲಿ ನಿಂತವರನ್ನೆಲ್ಲ ಕೇಳಿದೆ, ಮೀನು ತಿನ್ನದವರಿಗೆ ಎಂತ ಕೊಡುವುದು ಎಂದು. ಎಂಜಿನಿಯರಿಂಗಿನವರಿಗೆ ಇದು ಗೊತ್ತಿಲ್ಲ. ವಿಜಯಪುರದ ಕಡೆಯ ಒಬ್ಬಳು ಮಾತ್ರ, "ಅಣ್ಣಾ, ಅಗಸಿ ಹಿಂಡಿ ತಿನ್ರಿ" ಎಂದಳು. ಅಗಸೆ ಬೀಜ ಹುರಿದು ಮೆಣಸು, ಬೆಳ್ಳುಳ್ಳಿ ಹಾಕಿ ಕುಟ್ಟುವುದು. ಅವಳ ಮನೆಯಿಂದ ಬಂದದ್ದರಲ್ಲಿ ಅರ್ಧ ಡಬ್ಬಿ ಕೊಟ್ಟಳು, ಕಳಿಸುತ್ತಿದ್ದೇನೆ. ಅದರಲ್ಲಿರುವುದೂ ಮೀನಿನ ಜಾತಿಯ ಕೊಬ್ಬೇ ಅಂತೆ, ಆದರೆ ನಮ್ಮ ಮೈ ಅದನ್ನು ಮೀನಿನ ಹಾಗೆ ಮಾಡಿಕೊಳ್ಳುವುದು ಬಹಳ ಕಡಿಮೆಯಂತೆ. ಅವಳು ಮೊಬೈಲಿನಲ್ಲಿ ಓದಿ ಹೇಳಿದ್ದು. ಇಲ್ಲದ್ದಕ್ಕಿಂತ ಇಷ್ಟಾದರೂ ಇರಲಿ.

ಇನ್ನೊಂದು ವಿಷಯ. ಸಂಕ್ರಾಂತಿಯ ಮೇಲೆ ನಾನು ಇಲ್ಲಿಂದ ಬಿಡುವವನು. ಉಜ್ವಲ್ ಗಾಡಿ ನೋಡಿಯಾಯಿತು. ಬೈಯುವುದಾದರೆ ಕನ್ನಡದಲ್ಲಿ ಬೈ.

ಲಕ್ಷಿತ್


ಕಾಪು
18 ಡಿಸೆಂಬರ್ 2023

ಲಕ್ಷಿತ್,

ಇದು ಅಪ್ಪ ಬರೆಯುವುದು. ನಾನು ಬರೆದದ್ದು ನಿನ್ನ ಅಮ್ಮನಿಗೆ ಗೊತ್ತಿಲ್ಲ, ಗೊತ್ತಾಗಬಾರದು.

ನೀನು ಬಿಡುತ್ತೇನೆ ಎಂದು ಬರೆದದ್ದನ್ನು ಓದಿ ಅವಳು ಕ್ಯಾಲೆಂಡರಿನ ಎದುರು ಹೋಗಿ ನಿಂತಳು. ಅವಳ ಬಾಯಿಗೆ ರುಚಿ ಹೋದದ್ದು ಅಲ್ಲ. ಹರಕೆ. 2021ರಲ್ಲಿ ನೀನು ಮೊಬೈಲ್ ಅಂಗಡಿ ಬಿಟ್ಟು ಒಂದು ವಾರ ಎಲ್ಲಿದ್ದೀ ಎಂದೇ ಗೊತ್ತಿರಲಿಲ್ಲವಲ್ಲ, ಆಗ ಮಾರಿಗುಡಿಗೆ ಹೋಗಿ ಹೇಳಿಕೊಂಡಳು. "ಮಗ ಒಂದು ಕಡೆ ಒಂದು ವರ್ಷ ನಿಲ್ಲುವವರೆಗೆ ನಾನು ಮೀನು ಮುಟ್ಟುವುದಿಲ್ಲ" ಎಂದು. ಮುಟ್ಟುವುದಿಲ್ಲ ಎಂದರೆ ತಿನ್ನುವುದಿಲ್ಲ ಎಂದು. ಮಾರುವುದು ಬಿಡಲಿಕ್ಕೆ ಆಗುತ್ತದಾ?

ಎರಡೂವರೆ ವರ್ಷ ಕಳೆಯಿತು. ನೀನು ಕೆಲಸ ಬಿಟ್ಟಾಗಲೆಲ್ಲ ಅವಳು ಮತ್ತೆ ಮೊದಲಿನ ದಿನದಿಂದ ಎಣಿಸುತ್ತಾಳೆ. ನನಗೆ ಹುರಿದು ಬಡಿಸಿ ತಾನು ಉಪ್ಪಿನಕಾಯಿ ತಗೊಳ್ಳುತ್ತಾಳೆ. ನಾನೂ ಬಿಡುತ್ತೇನೆ ಎಂದಾಗ, "ನಿಮ್ಮದು ಎಂತ ಮಧ್ಯದಲ್ಲಿ" ಎಂದಳು.

ಡಾಕ್ಟರು ಹೇಳಿದ್ದು ಅವಳಿಗೆ ಅರ್ಥವಾಗಿದೆ. ಮಾರಿಯಮ್ಮನಿಗೆ ಹೇಳಿದ್ದು ಅದಕ್ಕಿಂತ ಮೊದಲು. ನೀನು ಜುಲೈ ಕೊನೆಯವರೆಗೆ ಅಲ್ಲಿಯೇ ಇದ್ದರೆ ಅವಳು ತಿನ್ನುತ್ತಾಳೆ. ಅಷ್ಟೇ ವಿಷಯ.

ದೇಜಪ್ಪ


ನಿಟ್ಟೆ
2 ಜನವರಿ 2024

ಅಪ್ಪಾ,

ನಾಲ್ಕು ಸಲ ಬರೆದು ಹರಿದೆ.

ನನ್ನ ಕಾಲಿನ ಮೇಲೆ ಹರಕೆ ಹೊರಲು ಇವಳಿಗೆ ಯಾರು ಹೇಳಿದರು? ತಾನು ನೋವು ತಿಂದರೆ ನಾನು ಸರಿಯಾಗುತ್ತೇನೆ ಎಂದು ಯಾವ ದೇವರು ಹೇಳಿದ್ದಾರೆ? ನಾನು ಮಣಿಪಾಲದಲ್ಲಿ ಬೈಕಿನಲ್ಲಿ ಪಾರ್ಸೆಲ್ ಹಿಡಿದು ಓಡಾಡುತ್ತಾ, ರಾತ್ರಿ ಮಟ್ಟಿ ಸೇತುವೆಯ ಹತ್ತಿರ ಬೂತಾಯಿ ಹುರಿದದ್ದು ತಿನ್ನುತ್ತಿದ್ದೆ. ಅವಳು ಅಲ್ಲಿ ದಿನ ಎಣಿಸುತ್ತಿದ್ದಳು. ನೀವು ನೋಡಿ ಸುಮ್ಮನಿದ್ದಿರಿ.

ಡೊಮಿನಿಕ್ ಅಂಕಲಿಗೆ ಹೇಳಿದೆ. ಅವರು, "ನಮ್ಮಲ್ಲಿ ತಪಸ್ಸಿನ ಕಾಲಕ್ಕೆ ನಲವತ್ತು ದಿನ ಮಾಂಸ ಬಿಡ್ತೇವೆ, ಆಮೇಲೆ ಈಸ್ಟರ್ ಬರ್ತದೆ. ನಿನ್ನ ಅಮ್ಮನಿಗೆ ಈಸ್ಟರ್ ನೀನೇ ಮಾರಾಯ" ಎಂದರು. ತಮಾಷೆಗೆ ಹೇಳಿದ್ದು, ನನಗೆ ನಗು ಬರಲಿಲ್ಲ.

ಉಜ್ವಲನಿಗೆ ಬರುವುದಿಲ್ಲ ಎಂದು ಹೇಳಿದ್ದೇನೆ. ಜುಲೈ 31ರವರೆಗೆ ಇರುತ್ತೇನೆ. ಅವಳಿಗೆ ಹೇಳಬೇಡಿ.

ಮಣಿಪಾಲದಿಂದ ಮೀನಿನ ಎಣ್ಣೆಯ ಗುಳಿಗೆ ತಂದು ಕಳಿಸುತ್ತಿದ್ದೇನೆ. ಭವ್ಯಶ್ರೀ ಮೇಡಮ್ಮಿನ ಹತ್ತಿರ ಕೇಳಿ ಮತ್ತೆ ಕೊಡಿ. ವಿಟಮಿನ್ ಎಂದು ಹೇಳಿ.

ಲಕ್ಷಿತ್


ಕಾಪು
3 ಮಾರ್ಚ್ 2024

ಲಕ್ಷಿತ್,

ಏಳು ತಿಂಗಳು! ಕುಶಲಕ್ಕನಿಗೆ ಹೇಳಿದೆ. "ಕಾಲಿಗೆ ಮೊಳೆ ಹೊಡೆದಿದ್ದಾರಾ?" ಎಂದಳು.

ಮಾತ್ರೆ ಹಿಡಿಯುತ್ತಿದೆ ಎಂದು ಡಾಕ್ಟರು ಹೇಳಿದರು. ಈಗ ಎಂಟು ಗಂಟೆಗೆ ಬೆರಳು ಮಡಚುತ್ತದೆ. ಸಣ್ಣ ಮೀನು ನಾನೇ ಕತ್ತರಿಸುತ್ತೇನೆ, ಅಂಜಲಿನಂಥ ದೊಡ್ಡದು ಕುಶಲಕ್ಕ. ಅಗಸೆಯ ಹುಡಿ ಗಂಜಿಗೆ ಒಳ್ಳೆಯದಾಗುತ್ತದೆ. ಆ ಹುಡುಗಿಗೆ ಹೇಳು, ಖಾರ ಸ್ವಲ್ಪ ಕಡಿಮೆಯಾಗಲಿ ಎಂದು. ಕೊಟ್ಟವಳಿಗೇ ಹೀಗೆ ಹೇಳುವುದು ಸರಿಯಲ್ಲ, ಹೇಳದಿದ್ದರೂ ಆಯಿತು.

ನಿನ್ನ ಅಪ್ಪ ವಿಟಮಿನ್ ಎಂದು ಒಂದು ಬಾಟಲಿ ತಂದು ಕೊಟ್ಟರು. ನನಗೆ ಕನ್ನಡಕ ಬಂದದ್ದು ಅವರಿಗೆ ಮರೆತುಹೋಗಿದೆ. ಬಾಟಲಿಯ ಮೇಲೆ ಮೀನಿನ ಚಿತ್ರ ಉಂಟು! ಇಪ್ಪತ್ತಾರು ವರ್ಷ ಮೀನು ಮಾರಿದವಳಿಗೆ ಮೀನಿನ ಮುಖ ಗೊತ್ತಾಗುವುದಿಲ್ಲವಾ? ಕಪಾಟಿನಲ್ಲಿ ಇಟ್ಟಿದ್ದೇನೆ. ಅವರೇ ತಿನ್ನಲಿ.

ಪ್ಯಾಕೆಟ್ ಎಣ್ಣೆ ಕಡಿಮೆ ಮಾಡಿದ್ದೇನೆ. ತೆಂಗಿನೆಣ್ಣೆ ಒಳ್ಳೆಯದಲ್ವಾ ಮೇಡಂ ಎಂದು ಕೇಳಿದೆ, ಹೌದು ಎನ್ನುತ್ತಾರೆ ಎಂದುಕೊಂಡು. "ಅದು ಮೂರನೇ ಜಾತಿ ಅಮ್ಮ, ಅದರಲ್ಲಿ ನಿಮಗೆ ಕಮ್ಮಿ ಇರುವುದು ಇಲ್ಲ, ಅದನ್ನೂ ಮಿತಿಯಲ್ಲಿಯೇ ಹಾಕಿ" ಎಂದರು. ಅವರ ಹತ್ತಿರ ಯಾವುದಕ್ಕೂ ಪೂರ್ತಿ ಹೌದು ಎಂದು ಇಲ್ಲ. ಆದರೆ ಸುಳ್ಳು ಹೇಳುವುದಿಲ್ಲ, ಅದು ನನಗೆ ಇಷ್ಟ.

ಮೇಡಂ ಪುನಃ ಮೀನಿನ ವಿಷಯ ಕೇಳಿದರು. ಆಗಸ್ಟಿನಿಂದ ತಿನ್ನುತ್ತೇನೆ ಎಂದೆ. ಆಗಸ್ಟೇ ಯಾಕೆ ಎಂದು ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿದರು. ಆಗ ಸೀಸನ್ ಶುರು ಎಂದೆ.

ಅಮ್ಮ


ನಿಟ್ಟೆ
21 ಏಪ್ರಿಲ್ 2024

ಅಮ್ಮಾ,

ಒಂದು ವಿಷಯ ಯಾರಿಗಾದರೂ ಹೇಳಬೇಕು.

ನೀನು ಕೊಬ್ಬು, ಎಣ್ಣೆ ಎಂದು ಬರೆಯಲು ಶುರು ಮಾಡಿದ ಮೇಲೆ ನಾನು ನನ್ನ ಬಾಣಲೆಯನ್ನು ನೋಡಲು ಶುರು ಮಾಡಿದೆ. ಇಷ್ಟು ದಿನ ಕಬಾಬಿನ ಬಣ್ಣ ಮಾತ್ರ ನೋಡುತ್ತಿದ್ದೆ. ಒಂದೇ ಎಣ್ಣೆ ಮೊದಲು ಬೋಂಡಾಕ್ಕೆ, ಆಮೇಲೆ ಗೋಬಿಗೆ, ರಾತ್ರಿ ಕಬಾಬಿಗೆ. ಮರುದಿನ ಜರಡಿ ಹಿಡಿದು ಅದಕ್ಕೇ ಎರಡು ಪ್ಯಾಕೆಟ್ ಹೊಸತು ಸುರಿಯುವುದು. ಪೂರ್ತಿ ಖಾಲಿಯಾದದ್ದು ನಾನು ಬಂದ ಮೇಲೆ ನೋಡಿಲ್ಲ. ಕಾಫಿಯ ಬಣ್ಣ, ನೊರೆ, ಗಂಜಿಯ ಹಾಗೆ ದಪ್ಪ. ನಾನು ಉಮಾನಾಥಣ್ಣನಿಗೆ ಹೇಳಿದೆ.

"ಎಣ್ಣೆ ಬದಲು ಮಾಡುವ ಅಣ್ಣಾ, ಇದು ಆಗುದಿಲ್ಲ."

"ಹೊಸತು ಹಾಕ್ತೇವಲ್ಲ ದಿನಾ?"

"ಹಳೆಯದರ ಮೇಲೆ ಹಾಕಿದ್ರೆ ಹೊಸತೂ ಹಾಳು."

"ನೀನು ಯಾವಾಗ ಡಾಕ್ಟ್ರಾದದ್ದು? ಹತ್ತನೇ ಕ್ಲಾಸಿಗೇ ಈಗ ಎಂಬಿಬಿಎಸ್ ಕೊಡ್ತಾರಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ಕೆಟ್ಟವರಲ್ಲ, ನನಗೆ ಜ್ವರ ಬಂದಾಗ ಕಾರಿನಲ್ಲಿ ಕಾರ್ಕಳಕ್ಕೆ ಕರೆದುಕೊಂಡು ಹೋದವರು. ಆದರೆ ಅಗಸೆ ಕೊಟ್ಟ ಹುಡುಗಿ ವಾರಕ್ಕೆ ಐದು ದಿನ ನನ್ನ ಕೈಯಿಂದ ಗೋಬಿ ತಿನ್ನುತ್ತಾಳೆ. ಅವಳು ನಿನಗೆ ಅದನ್ನು ಕೊಟ್ಟಳು, ನಾನು ಅವಳಿಗೆ ಇದನ್ನು ಕೊಡುತ್ತೇನೆ.

ಬೇರೆ ಯಾವ ವರ್ಷವಾದರೂ ಆಗಿದ್ದರೆ ಆ ದಿನವೇ ಏಪ್ರನ್ ಬಿಚ್ಚಿ ಬಸ್ ಹತ್ತುತ್ತಿದ್ದೆ. ಈಗ ಇದ್ದೇನೆ.

ಒಂದು ಕೇಳುತ್ತೇನೆ, ನೇರ ಉತ್ತರ ಕೊಡು. ಒಂದು ವೇಳೆ ನಾನು ಈ ಕೆಲಸ ಬಿಟ್ಟರೆ ನೀನು ಎಂತ ಮಾಡುತ್ತಿ?

ಲಕ್ಷಿತ್


ಕಾಪು
5 ಮೇ 2024

ಲಕ್ಷಿತ್,

ಎಂತ ಮಾಡಲಿಕ್ಕೆ ಉಂಟು? ಮೀನು ಮಾರುತ್ತೇನೆ.

ವರ್ಷ ಆಗಲಿಕ್ಕೆ ಇನ್ನು ಮೂರು ತಿಂಗಳೂ ಇಲ್ಲ. ಆಗುವುದಾದರೆ ಇರು. ಎಣ್ಣೆಯ ವಿಷಯ ಅವರಿಗೆ ಮೆಲ್ಲ ಹೇಳು, ನಾಲ್ಕು ಜನರ ಎದುರು ಹೇಳಬೇಡ. ಯಜಮಾನರಿಗೆ ನಾಲ್ಕು ಜನರ ಎದುರು ಹೇಳಿದರೆ ಕಿವಿ ಕೇಳುವುದಿಲ್ಲ.

ನಿನ್ನ ಪತ್ರ ಎರಡು ಸಲ ಓದಿದೆ. ಆ ಹುಡುಗಿಯ ವಿಷಯ ಇರುವ ಕಡೆ.

ಅಮ್ಮ


ನಿಟ್ಟೆ
20 ಜೂನ್ 2024

ಅಪ್ಪಾ,

ನಿನ್ನೆ ಕೆಲಸ ಹೋಯಿತು. ನಾನು ಬಿಟ್ಟದ್ದು ಎನ್ನಲಿಕ್ಕೂ ಆಗುತ್ತದೆ, ಅವರು ಓಡಿಸಿದ್ದು ಎನ್ನಲಿಕ್ಕೂ ಆಗುತ್ತದೆ.

ಮೇ ತಿಂಗಳಿಡೀ ಅಮ್ಮ ಹೇಳಿದ ಹಾಗೆ ಮೆಲ್ಲ ಹೇಳಿದೆ. ವಾರಕ್ಕೊಮ್ಮೆಯಾದರೂ ಬದಲಿಸುವ ಎಂದೆ. ಹೂಂ ಎನ್ನುವುದು, ಮರುದಿನ ಅದೇ. ನಿನ್ನೆ ಸಂಜೆ ಎಣ್ಣೆ ಕಾಯಿಸುವಾಗ ಬಂದ ಹೊಗೆಗೆ ನನಗೇ ಕಣ್ಣು ಉರಿಯಿತು. ಒಲೆ ಆರಿಸಿ, ತಣ್ಣಗಾದ ಮೇಲೆ ಪೂರ್ತಿ ಡಬ್ಬಕ್ಕೆ ಸುರಿದು ಹಿತ್ತಲಿಗೆ ಇಟ್ಟೆ. ಹೊರಗೆ ನಲವತ್ತು ಜನ ಸಾಲಿನಲ್ಲಿ ನಿಂತಿದ್ದರು. ಇವತ್ತು ಎಣ್ಣೆ ಸರಿ ಇಲ್ಲ, ಕರಿದದ್ದು ಇಲ್ಲ ಎಂದು ಹೇಳಿಬಿಟ್ಟೆ. ಅಮ್ಮ ಬೇಡ ಎಂದದ್ದೇ ಅದು, ನಾಲ್ಕು ಜನರ ಎದುರು. ನಾನು ನಲವತ್ತು ಜನರ ಎದುರು ಹೇಳಿದೆ.

ಉಮಾನಾಥಣ್ಣ ಒಳಗಿನಿಂದ ಬಂದು, "ಅಂಗಡಿ ನಿನ್ನ ಅಪ್ಪನದ್ದಾ?" ಎಂದರು. ಇಲ್ಲ ಎಂದೆ. "ಮತ್ತೆ ಯಾಕೆ ನಿಂತಿದ್ದಿ?" ಎಂದರು. ಅಷ್ಟೇ.

ರೂಮಿಗೆ ಬಂದು ಕ್ಯಾಲೆಂಡರ್ ನೋಡಿದೆ. ನಲವತ್ತೆರಡು ದಿನ ಕಡಿಮೆ.

ನೀವು ಒಂದು ಉಪಕಾರ ಮಾಡಬೇಕು. ಅಮ್ಮನಿಗೆ ಹೇಳಬೇಡಿ. ಡೊಮಿನಿಕ್ ಅಂಕಲ್ ಜೊತೆ ಇದೇ ರೂಮಿನಲ್ಲಿ ಇರುತ್ತೇನೆ, ಪತ್ರ ಇಲ್ಲಿಗೇ ಬರಲಿ. ಸದ್ಯ ಕಾರ್ಕಳಕ್ಕೆ ಹೋಗಿ ಉಜ್ವಲನ ಪಿಕಪ್ ಓಡಿಸುತ್ತೇನೆ. ಜುಲೈ 31 ಕಳೆಯಲಿ, ಅವಳು ತಿನ್ನಲಿ. ಸುಳ್ಳು ಹೇಳುವುದು ನಾನು, ದೋಷ ಬಂದರೆ ನನಗೆ ಬರಲಿ.

ಲಕ್ಷಿತ್


ಕಾಪು
27 ಜೂನ್ 2024

ಲಕ್ಷಿತ್,

ನಾನಾಗಿ ಹೇಳುವುದಿಲ್ಲ. ಅವಳು ಕೇಳಿದರೆ ಸುಳ್ಳು ಹೇಳುವುದೂ ಇಲ್ಲ. ಕೇಳದ ಹಾಗೆ ನಾನು ದೋಣಿಯ ಹತ್ತಿರ ಹೆಚ್ಚು ಹೊತ್ತು ಇರುತ್ತೇನೆ.

ಮಳೆಗೆ ಅವಳ ಕೈ ಪುನಃ ಊದಿದೆ. ರಕ್ತ ಪರೀಕ್ಷೆಯಲ್ಲಿ ಉರಿಯೂತ ಹೆಚ್ಚಾಗಿದೆ ಎಂದು ಮಾತ್ರೆ ಜಾಸ್ತಿ ಮಾಡಿದ್ದಾರೆ.

ನೀನು ಮಾಡಿದ್ದು ತಪ್ಪು ಎಂದು ನನಗೆ ಕಾಣುವುದಿಲ್ಲ. ಸರಿ ಎಂದು ಬರೆದರೆ ನೀನು ಉಬ್ಬುತ್ತಿ.

ದೇಜಪ್ಪ


ನಿಟ್ಟೆ
27 ಜುಲೈ 2024

ಅಮ್ಮಾ,

ನಾಲ್ಕು ದಿನ ಸುಮ್ಮನಿದ್ದರೆ ಮುಗಿಯುತ್ತಿತ್ತು. ಆಗುತ್ತಿಲ್ಲ, ಬರೆಯುತ್ತೇನೆ.

ಹರಕೆಯ ವಿಷಯ ನನಗೆ ಡಿಸೆಂಬರಿನಿಂದ ಗೊತ್ತು. ಅಪ್ಪ ಹೇಳಿದ್ದು, ಅವರನ್ನು ಬೈಯಬೇಡ. ನಾನು ಇಷ್ಟು ದಿನ ಇಲ್ಲಿ ಇದ್ದದ್ದು ನೀನು ಮೀನು ತಿನ್ನಬೇಕು ಎಂದೇ.

ಈಗ ಇಲ್ಲ. ಜೂನ್ ಹತ್ತೊಂಬತ್ತಕ್ಕೆ ಅಂಗಡಿಯಿಂದ ಹೊರಗೆ ಬಂದಾಯಿತು. ಆ ಎಣ್ಣೆಯ ವಿಷಯದಲ್ಲೇ. ವರ್ಷ ಪೂರ್ತಿಯಾಗಲಿಲ್ಲ.

ಸುಳ್ಳು ಹೇಳಿ ನಿನಗೆ ತಿನ್ನಿಸುವ ಎಂದುಕೊಂಡಿದ್ದೆ. ಒಂದು ತಿಂಗಳು ಪಿಕಪ್ ಓಡಿಸುತ್ತಾ ಅದನ್ನೇ ಯೋಚಿಸಿದೆ. ನೀನು ತಿನ್ನುತ್ತಿ, ಕೈ ಸ್ವಲ್ಪ ಸರಿಯಾಗುತ್ತದೆ, ಎಲ್ಲರಿಗೂ ಖುಷಿ. ಆದರೆ ಹತ್ತು ತಿಂಗಳು ನಾನು ಉಮಾನಾಥಣ್ಣನ ಬಾಣಲೆಗೆ ಮಾಡಿದ್ದೂ ಅದನ್ನೇ, ಹಾಳಾದದ್ದರ ಮೇಲೆ ಒಳ್ಳೆಯದನ್ನು ಸುರಿಯುವುದು. ಯಾವತ್ತೋ ಯಾರೋ ನಿನಗೆ ಹೇಳುತ್ತಾರೆ, ಆಮೇಲೆ ನೀನು ನನ್ನನ್ನೂ ನಂಬುವುದಿಲ್ಲ, ಮೀನನ್ನೂ ಮುಟ್ಟುವುದಿಲ್ಲ.

ಮತ್ತೆ ಮೊದಲಿನಿಂದ ಎಣಿಸಬೇಡ ಅಮ್ಮಾ. ನಿನ್ನ ಬೆರಳು ಇನ್ನೊಂದು ವರ್ಷ ಕಾಯುವುದಿಲ್ಲ. ನಾನು ಪಿಕಪ್ಪಿನಲ್ಲಿ ಎಷ್ಟು ದಿನ ಇರುತ್ತೇನೆ ಎಂದು ನನಗೂ ಗೊತ್ತಿಲ್ಲ, ಗೊತ್ತುಂಟು ಎಂದು ಬರೆದರೆ ಅದೂ ಸುಳ್ಳು. ನನ್ನ ಕಾಲಿನ ದೋಷ ನನ್ನ ಕಾಲಿಗೇ ಇರಲಿ. ಮಾರಿಯಮ್ಮನ ಹತ್ತಿರ ಎಂತ ಹೇಳಬೇಕೋ ನಾನೇ ಬಂದು ಹೇಳುತ್ತೇನೆ. ನೀನು ತಿನ್ನು.

ಲಕ್ಷಿತ್


ಕಾಪು
27 ಜುಲೈ 2024

ಲಕ್ಷಿತ್,

ಇದನ್ನು ಓದಿ ಹೆದರಬೇಡ, ಸಿಟ್ಟೂ ಮಾಡಬೇಡ. ನಿನಗೆ ಹೇಳದ ಒಂದು ವಿಷಯ ಉಂಟು. ನೀನು ಒಂದು ಕಡೆ ಒಂದು ವರ್ಷ ನಿಲ್ಲುವವರೆಗೆ ಮೀನು ತಿನ್ನುವುದಿಲ್ಲ ಎಂದು ನಾನು ಮಾರಿಗುಡಿಯಲ್ಲಿ ಹರಕೆ ಹೇಳಿಕೊಂಡಿದ್ದೆ. ಮೂರು ವರ್ಷವಾಯಿತು.

ನಿನ್ನೆ ತಿಂದೆ. ಐದು ದಿನ ಬಾಕಿ ಇರುವಾಗಲೇ.

ಯಾಕೆ ಎಂದು ಕೇಳುತ್ತಿ. ಕೈಯದ್ದೂ ಒಂದು ಕಾರಣ, ಇಲ್ಲ ಎನ್ನುವುದಿಲ್ಲ. ಮೊನ್ನೆ ಮಣಿಪಾಲದಲ್ಲಿ ಭವ್ಯಶ್ರೀ ಮೇಡಮ್ಮಿಗೆ ಹರಕೆಯ ವಿಷಯ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ಮಗನಿಗೆ ಆ ಕೆಲಸ ಇಷ್ಟವಾ?" ಎಂದು ಮಾತ್ರ ಕೇಳಿದರು. ಬಸ್ಸಿನಲ್ಲಿ ಬರುವಾಗ ನಿನ್ನ ಏಪ್ರಿಲ್ ತಿಂಗಳ ಪತ್ರ ನೆನಪಾಯಿತು. ಬಿಟ್ಟರೆ ಎಂತ ಮಾಡುತ್ತಿ ಎಂದು ನೀನು ಕೇಳಿದ್ದೆ, ನಾನು ಮೀನು ಮಾರುತ್ತೇನೆ ಎಂದು ಬರೆದೆ. ನಿನಗೆ ಆ ಕೆಲಸ ಮನಸ್ಸಿಗೆ ಆಗುತ್ತಿಲ್ಲ ಎಂದು ಗೊತ್ತಿದ್ದೂ ಮೂರು ತಿಂಗಳು ಇರು ಎಂದೆ. ನನ್ನ ಎಣಿಕೆಗೋಸ್ಕರ ನಿನ್ನನ್ನು ಆ ಹೊಗೆಯಲ್ಲಿ ನಿಲ್ಲಿಸಿದೆ. ಆ ಮಕ್ಕಳಿಗೆ ಅದನ್ನು ತಿನ್ನಿಸಿದ್ದರಲ್ಲಿ ನನ್ನದೂ ಪಾಲು ಉಂಟು. ಇನ್ನು ಐದು ದಿನ ಕಾದು ತಿಂದರೆ ಹರಕೆ ಸರಿಯಾಗುತ್ತದೆ, ನೀನು ಅಲ್ಲಿಯೇ ಇದ್ದದ್ದೂ ಸರಿ ಎಂದಾಗುತ್ತದೆ. ನನಗೆ ಹಾಗೆ ಆಗುವುದು ಬೇಡ ಎಂದು ಕಂಡಿತು.

ಈಗ ಆಟಿ ತಿಂಗಳ ಮಳೆ, ದೊಡ್ಡ ಬೋಟು ಕಡಲಿಗೆ ಇಳಿಯುವುದಿಲ್ಲ. ನಾಡದೋಣಿಯವರು ಸ್ವಲ್ಪ ಬೂತಾಯಿ ತಂದಿದ್ದರು, ಕೊಬ್ಬಿದ್ದು. ಹುರಿಯಲಿಲ್ಲ, ಹುಳಿ ಮೆಣಸು ಅರೆದು ಪುಳಿಮುಂಚಿ ಮಾಡಿದೆ. ಅಪ್ಪ ನನ್ನ ಬಟ್ಟಲು ನೋಡಿದರು, ಪಾತ್ರೆಯನ್ನು ನನ್ನ ಕಡೆಗೆ ದೂಡಿದರು. ಮೂರು ವರ್ಷಕ್ಕೆ ಮುಳ್ಳು ಬಿಡಿಸುವುದೇ ಮರೆತುಹೋಗಿದೆ ಮಾರಾಯ! ಒಂದು ಗಂಟಲಲ್ಲಿ ಸಿಕ್ಕಿತು. ಮಾರಿಯಮ್ಮ ಅಲ್ಲಿಯೇ ಹಿಡಿದಳು ಎಂದುಕೊಂಡೆ. ಅಪ್ಪ ಅನ್ನದ ಉಂಡೆ ಮಾಡಿ ನುಂಗಿಸಿದರು, ಇಳಿಯಿತು. ಆಮೇಲೆ ಇನ್ನೊಂದು ತಿಂದೆ.

ಒಂದೇ ಹೆದರಿಕೆ. ನಾನು ಮುರಿದದ್ದಕ್ಕೆ ನಿನಗೆ ಎಂತದಾದರೂ ಆದರೆ? ನಾಲ್ಕು ದಿನ ಆ ಬಿಸಿ ಎಣ್ಣೆಯ ಹತ್ತಿರ ಜಾಗ್ರತೆ. ಇಲ್ಲದಿದ್ದರೆ ಇವತ್ತೇ ಬಿಟ್ಟು ಬಾ. ಈಗ ಬಿಡಬಹುದು. ನಾನು ತಿಂದಾಯಿತು.

ಅಮ್ಮ


ಕಾಪು
1 ಆಗಸ್ಟ್ 2024

ಲಕ್ಷಿತ್,

ಅಪ್ಪ ಬರೆಯುವುದು. ಅವಳ ಕೈ ಇವತ್ತು ಅಷ್ಟು ಸರಿ ಇಲ್ಲ. ಒಂದು ವಾರ ಮೀನು ತಿಂದರೆ ಸರಿಯಾಗಲಿಕ್ಕೆ ಇದು ಮಂತ್ರ ಅಲ್ಲ, ಮೂರು ತಿಂಗಳು ಬೇಕು ಎಂದು ಅವಳೇ ನನಗೆ ಪಾಠ ಮಾಡುತ್ತಾಳೆ. ನಿನ್ನ ಗುಳಿಗೆಯ ಬಾಟಲಿಯನ್ನೂ ಭವ್ಯಶ್ರೀ ಮೇಡಮ್ಮಿಗೆ ತೋರಿಸಲಿಕ್ಕೆ ಚೀಲದಲ್ಲಿ ಹಾಕಿಟ್ಟಿದ್ದಾಳೆ.

ನಿಮ್ಮಿಬ್ಬರ ಪತ್ರ ಒಂದೇ ದಿನ ಹೊರಟಿವೆ. ಹಿರಿಯಡ್ಕದ ಹತ್ತಿರ ಎಲ್ಲೋ ಒಂದರ ಪಕ್ಕದಲ್ಲಿ ಇನ್ನೊಂದು ದಾಟಿರಬೇಕು. ನಿನ್ನದು ಮಂಗಳವಾರ ಬಂತು. ಅವಳು ಅಂಗಳದಲ್ಲಿ ನಿಂತೇ ಓದಿದಳು, ಆಮೇಲೆ ಮೆಟ್ಟಿಲ ಮೇಲೆ ಕೂತಳು. ನಾನು ಹತ್ತಿರ ಹೋಗಲಿಲ್ಲ, ನನ್ನ ಹೆಸರೂ ಅದರಲ್ಲಿ ಉಂಟು ಎಂದು ಅವಳ ಮುಖ ನೋಡಿಯೇ ಅಂದಾಜಾಯಿತು.

ಪತ್ರ ಮಡಚಿ, "ಜೂನಿನಿಂದ ನಿಮಗೆ ಗೊತ್ತಿತ್ತಾ?" ಎಂದಳು.

"ಗೊತ್ತಿತ್ತು."

"ಅದಕ್ಕೇ ದೋಣಿ ಬುಡದಲ್ಲಿ ಅಷ್ಟು ಕೆಲಸ."

"ಹೌದು."

"ಅವನದ್ದು ನಲವತ್ತೆರಡು ದಿನ ಕಮ್ಮಿ, ನಂದು ಐದು. ಅವನದ್ದೇ ದೊಡ್ಡ ತಪ್ಪು" ಎಂದಳು. ಮೊದಲು ನಕ್ಕಳು, ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು. ಮೊದಲಿನಿಂದ ಎಣಿಸುತ್ತಿಯಾ ಎಂದು ನಾನು ಕೇಳಿದೆ. "ಇನ್ನು ಅವನ ದಿನ ಅವನೇ ಎಣಿಸಲಿ, ನನಗೆ ಬೆರಳು ಮಡಚುವುದಿಲ್ಲ" ಎಂದಳು.

ಬರುವ ಮಂಗಳವಾರ, ಆರನೇ ತಾರೀಕು, ಮಾರಿಗುಡಿಗೆ ಹೋಗಿ ತಪ್ಪು ಕಾಣಿಕೆ ಹಾಕುವುದು ಎಂದಾಗಿದೆ. ಮುರಿದ ಹರಕೆಗೆ ಹಿರಿಯರು ಇಟ್ಟ ದಾರಿ ಅದೊಂದೇ. ಇಬ್ಬರೂ ಸೇರಿಯೇ ಹಾಕಬೇಕು ಎನ್ನುತ್ತಾಳೆ. ಉಜ್ವಲನ ಹತ್ತಿರ ಒಂದು ದಿನ ರಜೆ ಕೇಳು. ಕೆಲಸ ಬಿಡಲಿಕ್ಕೆ ಹೇಳಿದ್ದಲ್ಲ, ರಜೆ.

ಗುಡಿಯಿಂದ ಬಂದ ಮೇಲೆ ಮಧ್ಯಾಹ್ನ ಊಟ. ಬೂತಾಯಿ ಎಷ್ಟು ತಗೊಳ್ಳಬೇಕು, ಅವನಿಗೆ ಎಷ್ಟು ಬೇಕು ಎಂದು ಕೇಳಿ ಬರೆಯಿರಿ ಎಂದು ಅಡುಗೆಮನೆಯಿಂದ ಕೂಗುತ್ತಿದ್ದಾಳೆ. ಉತ್ತರ ಬರೆಯುತ್ತಾ ಕೂರಬೇಡ, ಬಂದು ಹೇಳು. ತಲೆ ಮಾತ್ರ ಕೇಳಬೇಡ, ಅದು ಅವಳಿಗೆ ಎಂದು ಈಗಲೇ ಹೇಳಿಯಾಗಿದೆ.

ದೇಜಪ್ಪ